ಕೂಟದ ಕಾಯಕ ಮತ್ತು ಹೊಸತಿನ ಒಡೆತನ



ನಮ್ಮ ಮಹಾವಿದ್ಯಾಲಯಗಳಲ್ಲಿ ಇಂದು ಎರಡು ಮಾತುಗಳು ಮಂತ್ರದಂತೆ ಮೊಳಗುತ್ತಿವೆ. ತರುಣರು ಕೂಡಿ ದುಡಿಯುವುದನ್ನು ಕಲಿಯಬೇಕೆಂಬುದು ಒಂದು; ಹೊಸದನ್ನು ಆಲೋಚಿಸುವ, ಹೊಸದನ್ನು ಮಾಡಿತೋರುವ ಸ್ವಭಾವವನ್ನು ಬೆಳೆಸಿಕೊಳ್ಳಬೇಕೆಂಬುದು ಇನ್ನೊಂದು. ಉದ್ಯೋಗ ಕೊಡುವವರು ಸಂದರ್ಶನದಲ್ಲಿ ಈ ಎರಡನ್ನೂ ಕೇಳುತ್ತಾರೆ. ಪಠ್ಯಕ್ರಮವನ್ನು ರಚಿಸುವವರು ಎರಡನ್ನೂ ಒಂದೇ ಸಾಲಿನಲ್ಲಿ ಬರೆಯುತ್ತಾರೆ. ಆದರೆ ತಾವು ಒಂದು ಕ್ಷಣ ನಿಂತು ವಿಚಾರಿಸಿರಿ: ಇವೆರಡೂ ಅಷ್ಟು ಸುಲಭವಾಗಿ ಒಂದೇ ಸೂರಿನಡಿ ಬಾಳುವ ಗುಣಗಳೇ? ಕೂಟದಲ್ಲಿ ದುಡಿಯುವವನು ಹತ್ತು ಜನರ ಒಪ್ಪಿಗೆಗೆ ತಲೆಬಾಗಬೇಕು. ಹೊಸದನ್ನು ಕಾಣುವವನು ಹತ್ತು ಜನರು ಒಪ್ಪಿದುದನ್ನೇ ಮೊದಲು ಸಂಶಯಿಸಬೇಕು. ಒಬ್ಬನೇ ತರುಣನಿಂದ ಈ ಎರಡನ್ನೂ ಬಯಸುವ ನಾವು, ಅವನಿಗೆ ಅದರ ದಾರಿಯನ್ನು ತೋರಿಸಿದ್ದೇವೆಯೇ?

ಇದನ್ನು ಶಿಕ್ಷಣಶಾಸ್ತ್ರದ ಪ್ರಶ್ನೆಯೆಂದು ಬದಿಗಿಡಬಹುದಾಗಿತ್ತು. ಆದರೆ ಇದರ ಬೇರು ನೀತಿಯಲ್ಲಿದೆ. ಕೂಡಿ ಮಾಡಿದ ಕೆಲಸದಲ್ಲಿ ನನ್ನ ಪಾಲಾವುದು? ನನಗೆ ಹೊಳೆದದ್ದು ನನ್ನದೋ ನಮ್ಮೆಲ್ಲರದೋ? ಎಲ್ಲರೂ ಹೌದೆನ್ನುವಾಗ ನಾನೊಬ್ಬನು ಅಲ್ಲವೆಂದರೆ ಅದು ಕೂಟಕ್ಕೆ ಬಗೆದ ದ್ರೋಹವಾಗುವುದೇ? ಮಠದ ಪ್ರಸಾದನಿಲಯದಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡು, ಒಂದೇ ದೀಪದ ಬೆಳಕಿನಲ್ಲಿ ನಾಲ್ಕು ಜನ ಓದಿ ಬೆಳೆದ ತಮ್ಮಲ್ಲಿ ಅನೇಕರಿಗೆ ಈ ಪ್ರಶ್ನೆಗಳು ಹೊಸವಲ್ಲ. ತಮ್ಮ ಮಕ್ಕಳು, ತಮ್ಮ ವಿದ್ಯಾರ್ಥಿಗಳು ಇಂದು ಅವನ್ನು ಬೇರೊಂದು ರೂಪದಲ್ಲಿ ಎದುರಿಸುತ್ತಿದ್ದಾರೆ, ಅಷ್ಟೆ.

ಆ ರೂಪವನ್ನು ಮೊದಲು ನೋಡೋಣ. ಎಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೂವರೋ ನಾಲ್ವರೋ ಸೇರಿ ಒಂದು ಪ್ರಾಜೆಕ್ಟನ್ನು ಮಾಡಿ ವರದಿಯೊಪ್ಪಿಸಬೇಕು. ವರದಿಯ ಮೊದಲ ಪುಟದಲ್ಲಿ ನಾಲ್ಕು ಹೆಸರುಗಳಿರುತ್ತವೆ. ಒಬ್ಬನು ರಾತ್ರಿಯೆಲ್ಲ ಎಚ್ಚರವಿದ್ದು ದುಡಿದಿರುತ್ತಾನೆ. ಇನ್ನೊಬ್ಬನು ಅವನಿಗೆ ಸಾಮಾನು ತಂದುಕೊಟ್ಟಿರುತ್ತಾನೆ. ಉಳಿದಿಬ್ಬರು ಬೈಂಡಿಂಗಿನ ಹಣದಲ್ಲಿ ತಮ್ಮ ಪಾಲನ್ನು ಕೊಟ್ಟಿರುತ್ತಾರೆ. ಅಂಕಗಳು ಮಾತ್ರ ಹೆಚ್ಚುಕಡಿಮೆ ಸಮನಾಗಿ ಹಂಚಿಕೆಯಾಗುತ್ತವೆ. ಸಿದ್ಧಪಡಿಸಿದ ಪ್ರಾಜೆಕ್ಟನ್ನು ಹಣ ಕೊಟ್ಟು ಕೊಳ್ಳುವ ಅಂಗಡಿಗಳು ದೊಡ್ಡ ಊರುಗಳಲ್ಲಿ ಇರುವುದನ್ನು ತಾವು ಬಲ್ಲಿರಿ; ಈಗೀಗ ಕೃತಕ ಬುದ್ಧಿಮತ್ತೆಯ ಯಂತ್ರವನ್ನು ಕೇಳಿ ವರದಿ ಬರೆಯಿಸಿಕೊಳ್ಳುವ ಚಾಳಿಯೂ ಅದಕ್ಕೆ ಜೊತೆಗೂಡಿದೆ. ಇದಕ್ಕೆ ನಾವು ಕೊಟ್ಟಿರುವ ಹೆಸರು ಸಹಕಾರ್ಯ! ದುಡಿಯದೆ ಉಣ್ಣುವುದನ್ನು ಶರಣರು ಯಾವ ಹೆಸರಿನಿಂದ ಕರೆದರೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಇದು ಈ ಕಾಲದ ಹುಡುಗರ ವಿಶೇಷ ದೋಷವೆಂದು ತೀರ್ಮಾನಿಸುವುದು ಅನ್ಯಾಯವಾದೀತು. ಫ್ರಾನ್ಸ್ ದೇಶದಲ್ಲಿ ರಿಂಗೆಲ್ಮನ್ ಎಂಬ ಕೃಷಿ ಎಂಜಿನಿಯರರು ಜನರಿಂದ ಹಗ್ಗವನ್ನು ಎಳೆಯಿಸಿ ಅವರ ಬಲವನ್ನು ಅಳೆದರು. ಆ ಫಲಿತಾಂಶಗಳು ೧೯೧೩ರಲ್ಲಿ ಪ್ರಕಟವಾದವು. ಒಂಟಿಯಾಗಿ ಎಳೆಯುವಾಗ ಒಬ್ಬನು ತೋರಿದ ಬಲ, ಜೊತೆಗಾರರು ಹೆಚ್ಚಿದಂತೆಲ್ಲ ಕುಗ್ಗುತ್ತ ಹೋಯಿತು. ಎಂಟು ಜನರು ಕೂಡಿದಾಗ ಒಬ್ಬೊಬ್ಬನ ಪಾಲಿನ ಬಲವು ಸುಮಾರು ಅರ್ಧಕ್ಕೆ ಇಳಿದಿತ್ತು. ಮಠದ ಜಾತ್ರೆಯಲ್ಲಿ ತೇರನ್ನೆಳೆದವರಿಗೆ ಇದನ್ನು ಸಾಬೀತುಪಡಿಸಲು ಫ್ರಾನ್ಸಿನಿಂದ ವಿದ್ವಾಂಸರು ಬರಬೇಕಾಗಿರಲಿಲ್ಲ; ಹಗ್ಗಕ್ಕೆ ಕೈ ಹಚ್ಚಿದವರೆಲ್ಲ ತೇರನ್ನೆಳೆಯುವವರಲ್ಲ. ಎಲ್ಲರೂ ಒಂದೇ ಗಳಿಗೆಗೆ ಒಂದೇ ದಿಕ್ಕಿನಲ್ಲಿ ಎಳೆಯಲಾರದುದರಿಂದ ಬಲ ಸ್ವಲ್ಪ ಸೋರಿಹೋಗುವುದು ಸಹಜ. ಆದರೆ ಅಷ್ಟೇ ಅಲ್ಲ. ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು ೧೯೭೯ರಲ್ಲಿ ವಿದ್ಯಾರ್ಥಿಗಳಿಂದ ಚಪ್ಪಾಳೆ ತಟ್ಟಿಸಿ, ಕೂಗಿಸಿ ನೋಡಿದಾಗ, ಆರು ಜನರ ಗುಂಪಿನಲ್ಲಿ ಹೊಮ್ಮಿದ ಸದ್ದು ಅವರವರ ಒಂಟಿ ಶಕ್ತಿಯನ್ನು ಕೂಡಿಸಿದರೆ ಆಗಬೇಕಾದುದರ ಶೇಕಡಾ ೪೦ರಷ್ಟು ಮಾತ್ರವಿತ್ತು. ಅದೇ ವಿದ್ವಾಂಸರು ೧೯೮೧ರಲ್ಲಿ ಇನ್ನೊಂದು ಪ್ರಯೋಗವನ್ನು ಮಾಡಿದರು. ಗುಂಪಿನಲ್ಲಿದ್ದರೂ ಪ್ರತಿಯೊಬ್ಬನ ದನಿಯನ್ನು ಬೇರೆಬೇರೆಯಾಗಿ ಗುರುತಿಸಲಾಗುವುದೆಂದು ವಿದ್ಯಾರ್ಥಿಗಳಿಗೆ ತಿಳಿಸಿದೊಡನೆ ಆ ಜಡತೆ ಮಾಯವಾಯಿತು.

ಈ ಕೊನೆಯ ಸಂಗತಿಯ ಮೇಲೆ ತಾವು ಗಮನವಿಡಬೇಕೆಂದು ಬಿನ್ನಹ. ಕೂಟದಲ್ಲಿ ಮನುಷ್ಯನು ಸೋಮಾರಿಯಾಗುವುದು ಅವನ ಸ್ವಭಾವವೇ ಕೆಟ್ಟುದಾದುದರಿಂದಲ್ಲ. ಅವನ ಗುರುತು ಅಳಿಸಿಹೋಗುವುದರಿಂದ. ಗುರುತನ್ನು ಉಳಿಸಿದರೆ ಜಡತೆ ನೀಗುತ್ತದೆ. ಆದರೆ ಗುರುತನ್ನು ಉಳಿಸಹೊರಟರೆ 'ನಾನು' ಎಂಬುದು ತಲೆಯೆತ್ತುತ್ತದಲ್ಲವೇ? ನನ್ನ ಹೆಸರು ಮೊದಲಿರಲಿ, ನನ್ನ ಭಾವಚಿತ್ರ ದೊಡ್ಡದಿರಲಿ ಎಂಬ ಹೋರಾಟ ಆರಂಭವಾಗುತ್ತದಲ್ಲವೇ? ಒಂದು ಕಡೆ ಜಡತೆ, ಇನ್ನೊಂದು ಕಡೆ ಅಹಂಕಾರ. ಇವೆರಡರ ನಡುವೆ ಹಾದಿಯುಂಟೇ?

ಉಂಟು, ಅದು ನಮ್ಮ ಕಣ್ಣ ಮುಂದೆಯೇ ಎಂಟು ನೂರು ವರ್ಷಗಳಿಗೂ ಮಿಕ್ಕಿ ಇದೆ. ಅದರ ಹೆಸರು ಅಂಕಿತ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕೂಡಿದ ಶರಣರು ಕನ್ನಡಕ್ಕೆ ಹಿಂದೆ ಕಾಣದಿದ್ದ ಒಂದು ನುಡಿಯ ಬಗೆಯನ್ನೇ ತಂದರು. ಅದು ಪದ್ಯವೆಂದರೆ ಪದ್ಯವಲ್ಲ, ಗದ್ಯವೆಂದರೆ ಗದ್ಯವಲ್ಲ. ಅಂಥ ಹೊಸತನ್ನು ಒಬ್ಬರಲ್ಲ, ನೂರಾರು ಜನರು ಏಕಕಾಲಕ್ಕೆ ಕೈಗೊಂಡರು: ಮಡಿವಾಳರು, ಅಂಬಿಗರು, ಸಮಗಾರರು, ಮಂತ್ರಿಗಳು, ಹೆಂಗಸರು, ಗಂಡಸರು. ಅಷ್ಟು ಜನರು ಕೂಡಿದ್ದರೂ, ಮಂಟಪದ ಹೆಸರನ್ನೇ ಅಂಕಿತವಾಗಿಸಿಕೊಂಡ ವಚನವೊಂದೂ ಇಲ್ಲ. ಪ್ರತಿಯೊಂದು ವಚನಕ್ಕೂ ಹೇಳಿದವರ ಗುರುತಿದೆ. ಪ್ರಭುದೇವರದು ಗುಹೇಶ್ವರ, ಬಸವಣ್ಣನವರದು ಕೂಡಲಸಂಗಮದೇವ, ಅಕ್ಕನವರದು ಚೆನ್ನಮಲ್ಲಿಕಾರ್ಜುನ, ಸಿದ್ಧರಾಮೇಶ್ವರರದು ಕಪಿಲಸಿದ್ಧಮಲ್ಲಿಕಾರ್ಜುನ. ಇಂಥವರ ಮಾತು ಇದು ಎಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಆಡಿದವರು ಆಡಿದ್ದಕ್ಕೆ ಹೊಣೆ. ಆದರೂ ಅಲ್ಲಿ ಬಹುಮಟ್ಟಿಗೆ ಇರುವುದು ಆಡಿದವರ ಹೆಸರಲ್ಲ, ಅವರು ನಚ್ಚಿದ ದೈವದ ಹೆಸರು. ಹೊಣೆಯನ್ನು ನಾನು ಹೊರುತ್ತೇನೆ, ಹಿರಿಮೆಯನ್ನು ಅವನಿಗೆ ಬಿಡುತ್ತೇನೆ ಎಂಬ ಭಾವ ಇದು. ಹೊಣೆ ಮತ್ತು ಹಿರಿಮೆ ಎಂಬ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟುವುದು ಲೋಕದ ವಾಡಿಕೆ. ಶರಣರು ಆ ಗಂಟನ್ನು ಬಿಚ್ಚಿ ಬೇರೆಬೇರೆಯಾಗಿಟ್ಟರು. ಇಷ್ಟು ಸರಳವಾದುದನ್ನು ನಮ್ಮ ಕಾಲೇಜುಗಳು ಇನ್ನೂ ಕಲಿತಿಲ್ಲ. ಅಲ್ಲಿ ಹಿರಿಮೆಗೆ ನಾಲ್ವರೂ ಮುಂದೆ ನಿಲ್ಲುತ್ತಾರೆ. ಪರೀಕ್ಷಕನು ತಪ್ಪನ್ನು ಎತ್ತಿ ತೋರಿಸಿದಾಗ ನಾಲ್ವರೂ ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ.

ಶೂನ್ಯಸಂಪಾದನೆಯ ಕಟ್ಟಡವನ್ನೂ ಈ ದೃಷ್ಟಿಯಿಂದ ನೋಡತಕ್ಕದ್ದು. ಶಿವಗಣಪ್ರಸಾದಿ ಮಹಾದೇವಯ್ಯನವರು ಅದನ್ನು ಹದಿನೈದನೆಯ ಶತಮಾನದಲ್ಲಿ ಮೊದಲು ಸಂಪಾದಿಸಿದರು. ತರುವಾಯ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗದೇವರು, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಮತ್ತೆ ಮತ್ತೆ ಪರಿಷ್ಕರಿಸಿದರು. ನಾಲ್ಕು ಕೈಗಳು ಕೆಲಸ ಮಾಡಿವೆ. ಕ್ರಮ ಬದಲಾಯಿತು, ಹೊಸ ಪ್ರಸಂಗಗಳು ಸೇರಿದವು. ಆದರೆ ಬೇರೆ ಬೇರೆ ಶರಣರ ವಚನಗಳನ್ನು ಪೋಣಿಸಿ ಒಂದು ಮಹಾಸಂವಾದವನ್ನು ಕಟ್ಟುವಾಗ ಒಬ್ಬೊಬ್ಬರ ಅಂಕಿತವೂ ತನ್ನ ನೆಲೆಯಲ್ಲಿಯೇ ಉಳಿಯಿತು. ಸಂಪಾದಕನ ಗದ್ಯ ದಾರದಂತೆ ನಡುವೆ ಹಾಯ್ದಿದೆ. ಇಂದಿನ ಸಂಶೋಧನ ತಂಡಗಳ ಮುಖ್ಯಸ್ಥರಾಗಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕೇ?

ಇನ್ನು ಎರಡನೆಯ ಅಪಾಯ. ಇದು ಸೋಮಾರಿತನಕ್ಕಿಂತ ಸೂಕ್ಷ್ಮವಾದುದು, ನನ್ನ ಮತದಲ್ಲಿ ಹೆಚ್ಚು ಕೇಡಿನದು. ದುಡಿಯುವ ಹುಡುಗನೂ, ಜಾಣ ಹುಡುಗಿಯೂ, ಕೂಟದ ಮುಂದೆ ತಮಗೆ ಕಂಡುದನ್ನು ಹೇಳದೆ ನುಂಗಿಕೊಳ್ಳುವ ಅಪಾಯ ಅದು.

ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞರು ೧೯೫೦ರ ದಶಕದಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗವು ಪ್ರಸಿದ್ಧವಾಗಿದೆ. ಒಂದು ಹಲಗೆಯ ಮೇಲೆ ಒಂದು ಗೆರೆ. ಇನ್ನೊಂದರ ಮೇಲೆ ಮೂರು ಗೆರೆಗಳು. ಮೂರರಲ್ಲಿ ಯಾವುದು ಮೊದಲಿನದಕ್ಕೆ ಸಮ ಎಂದು ಕೇಳುವುದು, ಇಷ್ಟೇ. ಒಂಟಿಯಾಗಿ ಕೇಳಿದರೆ ನೂರಕ್ಕೆ ಒಬ್ಬನೂ ತಪ್ಪುವುದು ಕಷ್ಟ. ಆದರೆ ಕೊಠಡಿಯಲ್ಲಿ ಕುಳಿತ ಏಳೆಂಟು ಜನರಲ್ಲಿ ಒಬ್ಬನ ಹೊರತು ಉಳಿದವರೆಲ್ಲ ಮೊದಲೇ ಒಳಸಂಚು ಮಾಡಿಕೊಂಡು ಒಂದೇ ತಪ್ಪು ಉತ್ತರವನ್ನು ಹೇಳತೊಡಗಿದರು. ಏನನ್ನೂ ಅರಿಯದ ಆ ಒಬ್ಬ ವಿದ್ಯಾರ್ಥಿ ಏನು ಮಾಡಿಯಾನು? ಹೀಗೆ ೧೨೩ ವಿದ್ಯಾರ್ಥಿಗಳನ್ನು ಪರೀಕ್ಷಿಸಿದಾಗ ಅವರ ಉತ್ತರಗಳಲ್ಲಿ ಶೇಕಡಾ ೩೬.೮ರಷ್ಟು ಬಹುಮತದ ಕಡೆಗೆ ವಾಲಿ ತಪ್ಪಾದವು. ಕಣ್ಣಿಗೆ ನಿಚ್ಚಳವಾಗಿ ಕಾಣುವ ಗೆರೆಯ ವಿಷಯದಲ್ಲಿ! ಗೆರೆಯ ಉದ್ದದ ವಿಷಯದಲ್ಲಿಯೇ ಹೀಗಾದರೆ, ಇನ್ನೂ ಯಾರ ಕಣ್ಣಿಗೂ ಬೀಳದ ಹೊಸ ಆಲೋಚನೆಯ ಗತಿಯೇನು?

ಆ ಪ್ರಯೋಗದ ಮುಂದಿನ ಭಾಗವನ್ನು ಜನರು ಅಷ್ಟಾಗಿ ನೆನೆಯುವುದಿಲ್ಲ. ನನಗೆ ಅದೇ ಹೆಚ್ಚು ಮುಖ್ಯವೆನಿಸುತ್ತದೆ. ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬನು ನಿಜವನ್ನು ಹೇಳುವಂತೆ ಏರ್ಪಡಿಸಿದಾಗ, ಬಹುಮತಕ್ಕೆ ಮಣಿದು ಮಾಡುವ ತಪ್ಪು ಕಾಲು ಭಾಗಕ್ಕೆ ಇಳಿಯಿತು. ಆ ಜೊತೆಗಾರನು ನಡುವೆ ಬಹುಮತದ ಕಡೆಗೆ ಸೇರಿಕೊಂಡರೆ ತಪ್ಪು ಮತ್ತೆ ಏರಿತು. ಅಂದರೆ ಎಲ್ಲರೂ ಧೀರರಾಗಬೇಕಾಗಿಲ್ಲ. ಒಬ್ಬನು ಬಾಯಿ ತೆರೆದರೆ ಅವನ ಪಕ್ಕದಲ್ಲಿ ಕುಳಿತವನ ಕಣ್ಣು ತೆರೆಯುತ್ತದೆ. ಭಿನ್ನವಾಗಿ ನುಡಿಯುವವನು ಕೂಟವನ್ನು ಒಡೆಯುತ್ತಾನೆಂದು ನಾವು ಭಯಪಡುತ್ತೇವೆ; ವಾಸ್ತವದಲ್ಲಿ ಅವನು ಇನ್ನೊಬ್ಬನನ್ನು ಕೂಟಕ್ಕೆ ಮರಳಿ ಕೊಡುತ್ತಾನೆ.

ಕಲ್ಯಾಣದ ಕಥೆಗಳಲ್ಲಿ ಇದಕ್ಕೆ ನಿದರ್ಶನಗಳು ಕಡಿಮೆಯೇ? ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯುವುದೇ ಕಾಯಕವಾಗಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಆಯ್ದಕ್ಕಿ ಲಕ್ಕಮ್ಮನು ಅದನ್ನು ಬೇಯಿಸಲಿಲ್ಲ; ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲಿಗೆ ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಇಬ್ಬರದೂ ಒಂದೇ ಕೂಟ, ಒಂದೇ ಕಾಯಕ, ಒಂದೇ ಒಲೆ. ಅದರೊಳಗಿನಿಂದಲೇ ಅಲ್ಲವೆಂಬ ದನಿ ಎದ್ದಿತು. ಮಾರಯ್ಯನು ಅದನ್ನು ಕೇಳಿದನು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮೇಶ್ವರರನ್ನು ಪ್ರಭುದೇವರು ಕೆಣಕಿದ ಪ್ರಸಂಗವನ್ನು ನೆನೆಯಿರಿ. ಸಾವಿರಾರು ಜನರು ಕೂಡಿ ದುಡಿಯುತ್ತಿದ್ದ ಲೋಕೋಪಕಾರದ ಕೆಲಸ ಅದು. ಅದನ್ನು ಪ್ರಶ್ನಿಸಿದವನ ಮೇಲೆ ಕೆಲಸಗಾರರು ಕಲ್ಲೆಸೆದರೆಂದು ಕಥೆ ಹೇಳುತ್ತದೆ. ಕೂಟದ ಸಹಜ ಪ್ರತಿಕ್ರಿಯೆ ಅದೇ. ಸಿದ್ಧರಾಮೇಶ್ವರರು ಮೊದಲು ಕೆರಳಿದರೂ ಕೊನೆಗೆ ಕೇಳಿದರು, ಕೇಳಿ ಕಲ್ಯಾಣಕ್ಕೆ ಹೊರಟುಬಂದರು.

ಇಲ್ಲಿ ನಮ್ಮ ಪ್ರಸಾದನಿಲಯಗಳ ವಿಷಯವಾಗಿಯೂ ಒಂದು ಮಾತು. ಬೆಳಗಿನ ಘಂಟೆ, ಪ್ರಾರ್ಥನೆ, ಪಂಕ್ತಿಯ ಶಿಸ್ತು, ಹಿರಿಯರ ಮುಂದೆ ವಿನಯ, ಇವು ಸಾವಿರಾರು ಬಡ ಮಕ್ಕಳನ್ನು ಮನುಷ್ಯರನ್ನಾಗಿ ಮಾಡಿವೆ. ಅದನ್ನು ಅಲ್ಲಗಳೆಯುವವನು ಕೃತಘ್ನ. ಆದರೆ ವಿನಯವೂ ಮೌನವೂ ಒಂದೇ ಅಲ್ಲ. ಸಭೆಯಲ್ಲಿ ಎದ್ದುನಿಂತು, ಹಿರಿಯರೆ, ಇದು ನನಗೆ ಒಪ್ಪಿಗೆಯಿಲ್ಲ, ಕಾರಣ ಇಂತಹುದು ಎಂದು ಹೇಳಬಲ್ಲ ಹುಡುಗನನ್ನು ನಾವು ಎಷ್ಟು ಸಲ ಉದ್ಧಟನೆಂದು ಕೂಡಿಸಿಲ್ಲ? ಅಂಥವನನ್ನು ಕೂಡಿಸಿ ಕಳುಹಿಸಿದ ಮೇಲೆ, ಅವನು ಕಾಲೇಜಿನಲ್ಲಿ ಹೊಸದನ್ನು ಕಂಡುಹಿಡಿಯಲಿಲ್ಲವೆಂದು ದೂರುವ ಅಧಿಕಾರ ನಮಗೆಲ್ಲಿಯದು? ಇದನ್ನು ಮಠದ ಪತ್ರಿಕೆಯಲ್ಲಿ ಬರೆಯಲು ನಾನು ಸಂಕೋಚಪಡುವುದಿಲ್ಲ. ಅಕ್ಕಮಹಾದೇವಿಯವರನ್ನು ತುಂಬಿದ ಸಭೆಯಲ್ಲಿ ಕಠಿನ ಪ್ರಶ್ನೆಗಳಿಂದ ಪರೀಕ್ಷಿಸಿ, ಅವರ ಉತ್ತರಕ್ಕೆ ತಲೆಬಾಗಿದ ಪರಂಪರೆಯ ಪತ್ರಿಕೆ ಇದು.

ಅಕ್ಕನವರ ಮಾತು ಬಂದುದರಿಂದ ಇನ್ನೊಂದು. ಕೇಂದ್ರ ಸರ್ಕಾರವು ೨೦೧೭ರಿಂದ ನಡೆಸಿಕೊಂಡು ಬಂದಿರುವ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಎಂಬ ಸ್ಪರ್ಧೆಯಲ್ಲಿ ಆರು ಜನ ವಿದ್ಯಾರ್ಥಿಗಳ ತಂಡವಿರಬೇಕು, ಅದರಲ್ಲಿ ಕನಿಷ್ಠ ಒಬ್ಬ ವಿದ್ಯಾರ್ಥಿನಿ ಇರಲೇಬೇಕೆಂಬ ನಿಯಮವಿದೆ. ನಿಯಮ ಒಳ್ಳೆಯದೇ. ಆದರೆ ಆರನೆಯ ಹೆಸರನ್ನು ತುಂಬಲೆಂದು ಕರೆತಂದ ಹುಡುಗಿಗೆ ಅಚ್ಚುಕಟ್ಟಾಗಿ ಚಿತ್ರ ಬರೆಯುವ, ಕೊನೆಗೆ ವೇದಿಕೆಯ ಮೇಲೆ ಸೊಗಸಾಗಿ ಮಾತನಾಡುವ ಕೆಲಸವನ್ನಷ್ಟೇ ಕೊಟ್ಟರೆ ಅವಳು ತಂಡದಲ್ಲಿದ್ದಂತಾಯಿತೇ? ಪ್ರಭುದೇವರು ಅಕ್ಕನವರನ್ನು ಪ್ರಶ್ನಿಸಿದ್ದೇ ಅವರಿಗೆ ಸಲ್ಲಿಸಿದ ಗೌರವ. ಪ್ರಶ್ನೆಯನ್ನೇ ಕೇಳದೆ ಬಿಡುವುದು ಅಗೌರವದ ಸಭ್ಯ ರೂಪ.

ಹೊಸ ಆಲೋಚನೆಗಳು ಹುಟ್ಟಬೇಕಾದರೆ ಎಲ್ಲರನ್ನೂ ಒಂದು ಕೊಠಡಿಯಲ್ಲಿ ಕೂಡಿಸಿ, ಬಂದದ್ದನ್ನೆಲ್ಲ ಹೇಳಿರೆಂದು ಬಿಟ್ಟರೆ ಸಾಕೆಂಬ ನಂಬಿಕೆಯೂ ಬಹಳ ಹರಡಿದೆ. ಅಲೆಕ್ಸ್ ಆಸ್‌ಬರ್ನ್ ಎಂಬ ಜಾಹೀರಾತು ಉದ್ಯಮಿಯ ಬರಹಗಳಿಂದ ೧೯೫೩ರ ತರುವಾಯ ಈ ವಿಧಾನ ಲೋಕವನ್ನೆಲ್ಲ ಸುತ್ತಿ ಬಂದಿತು. ಯೇಲ್ ವಿಶ್ವವಿದ್ಯಾಲಯದಲ್ಲಿ ೧೯೫೮ರಲ್ಲಿ ಇದನ್ನು ಒರೆಗೆ ಹಚ್ಚಿದಾಗ ಕಂಡುದು ಬೇರೆ: ನಾಲ್ವರು ವಿದ್ಯಾರ್ಥಿಗಳು ಒಟ್ಟಿಗೆ ಕುಳಿತು ಹೇಳಿದ ಆಲೋಚನೆಗಳಿಗಿಂತ, ನಾಲ್ವರು ಬೇರೆ ಬೇರೆ ಕುಳಿತು ಬರೆದುದನ್ನು ಆಮೇಲೆ ಕೂಡಿಸಿದಾಗ ದೊರೆತವೇ ಹೆಚ್ಚಾಗಿದ್ದವು. ಒಬ್ಬನು ಮಾತನಾಡುವಾಗ ಉಳಿದವರ ಹೊಳಹು ಆರಿಹೋಗುತ್ತದೆ. ಮೊದಲು ಆಡಿದವನ ಜಾಡಿನಲ್ಲಿಯೇ ಎಲ್ಲರೂ ನಡೆಯುತ್ತಾರೆ.

ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತವರಿಗೆ ಇದರಲ್ಲಿ ಅಚ್ಚರಿಯೇನಿದೆ? ಸಾವಿರ ಜನರು ಒಂದೇ ಸಭಾಮಂಟಪದಲ್ಲಿ ಸಾಮೂಹಿಕ ಪೂಜೆಗೆ ಕುಳಿತರೂ ಒಬ್ಬೊಬ್ಬನ ದೃಷ್ಟಿ ಅವನವನ ಅಂಗೈಯ ಮೇಲೆಯೇ ಇರುತ್ತದೆ. ನನ್ನ ಪರವಾಗಿ ಇನ್ನೊಬ್ಬನು ನೋಡಲಾರ. ಅಲ್ಲಿ ಕಂಡುದನ್ನು ಗೋಷ್ಠಿಗೆ ತರುವುದು ಆಮೇಲಿನ ಮಾತು. ಅನುಭವ ಮೊದಲು, ಗೋಷ್ಠಿ ಅನಂತರ. ಅನುಭವವಿಲ್ಲದೆ ಗೋಷ್ಠಿಗೆ ಬಂದವನಲ್ಲಿ ಕೊಡಲು ಏನೂ ಇರುವುದಿಲ್ಲ. ಗೋಷ್ಠಿಗೆ ಬಾರದ ಅನುಭವವು ನಿಜವೋ ಭ್ರಮೆಯೋ ಎಂದು ಅರಿಯುವ ಬಗೆಯಿಲ್ಲ. ಕೂಡಿ ದುಡಿಯುವುದಕ್ಕೂ ಹೊಸದನ್ನು ಕಾಣುವುದಕ್ಕೂ ಮೊದಲಿಗೆ ಕಂಡ ವೈರ ಈ ಕ್ರಮವನ್ನು ತಲೆಕೆಳಗು ಮಾಡಿದುದರಿಂದ ಹುಟ್ಟಿದ್ದು.

ಕೊನೆಯದಾಗಿ ಒಡೆತನದ ಪ್ರಶ್ನೆ. ಜುಲೈ ೧೨, ೨೦೧೦ರಂದು ಶ್ರೀಹರಿಕೋಟೆಯಿಂದ ಪಿಎಸ್‌ಎಲ್‌ವಿ-ಸಿ೧೫ ರಾಕೆಟ್ಟಿನಲ್ಲಿ ಸ್ಟುಡ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹವೊಂದು ಆಕಾಶಕ್ಕೇರಿತು. ತೂಕ ಒಂದು ಕಿಲೋಗ್ರಾಮಿಗಿಂತ ಕಡಿಮೆ. ಕರ್ನಾಟಕ ಹಾಗೂ ಅಂದಿನ ಅವಿಭಜಿತ ಆಂಧ್ರಪ್ರದೇಶದ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕೂಡಿ ಅದನ್ನು ನಿರ್ಮಿಸಿದ್ದರು. ಮುಂಬಯಿಯ ಐಐಟಿಯ ವಿದ್ಯಾರ್ಥಿಗಳ ಪ್ರಥಮ್ ಎಂಬ ಉಪಗ್ರಹದ ಕಥೆ ಇನ್ನೂ ಮನನೀಯವಾದುದು. ೨೦೦೭ರಲ್ಲಿ ಆರಂಭವಾದ ಆ ಕೆಲಸ ಮುಗಿದು ಉಪಗ್ರಹವು ಮೇಲಕ್ಕೇರಿದುದು ಸೆಪ್ಟೆಂಬರ್ ೨೬, ೨೦೧೬ರಂದು. ಅದೇ ರಾಕೆಟ್ಟಿನಲ್ಲಿ ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪೈಸ್ಯಾಟ್ ಕೂಡ ಇತ್ತು. ಪದವಿಯ ಓದು ನಾಲ್ಕು ವರ್ಷ. ಕೆಲಸ ನಡೆದುದು ಒಂಬತ್ತು ವರ್ಷ. ಮೊದಲು ಕನಸು ಕಂಡವರು ಓದು ಮುಗಿಸಿ ಹೊರಟುಹೋಗಿ ವರ್ಷಗಳೇ ಆಗಿದ್ದವು. ತಾವು ಮುಗಿಸಲಾರೆವೆಂಬುದನ್ನು ಅರಿತೂ, ಮುಂದೆ ಬರುವ ಅಪರಿಚಿತ ಕಿರಿಯರಿಗೆ ಅರ್ಥವಾಗುವಂತೆ ಬರೆದಿಟ್ಟು ಹೋಗುವುದು ಎಂಥ ಕೆಲಸವೆಂದು ಯೋಚಿಸಿರಿ. ಅದನ್ನು ನಾವು ಬೇರೆ ಸಂದರ್ಭದಲ್ಲಿ ದಾಸೋಹವೆನ್ನುತ್ತೇವೆ. ಅನ್ನವನ್ನು ನೀಡುವವನು ಉಂಡವರ ಪಟ್ಟಿಯನ್ನಿಡುವುದಿಲ್ಲ. ಬೆಳಗಾವಿಯಲ್ಲಿ ೧೯೧೬ರಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಸಪ್ತರ್ಷಿಗಳೂ ಸಂಸ್ಥೆಗೆ ತಮ್ಮಲ್ಲಿ ಯಾರೊಬ್ಬರ ಹೆಸರನ್ನೂ ಇಡಲಿಲ್ಲ.

ಆದರೆ ಕೊಡುವವನು ಲೆಕ್ಕವಿಡದಿದ್ದರೂ ಉಂಡವನು ನೆನೆಯಬೇಕು. ಹೊಳಹನ್ನು ಕೂಟಕ್ಕೆ ಬಿಟ್ಟುಕೊಡುವುದು ಹೊಳೆದವನ ಧರ್ಮವಾದರೆ, ಇದು ಇಂಥವನಿಂದ ಬಂದುದೆಂದು ಹೇಳುವುದು ಕೂಟದ ಧರ್ಮ. ಮೊದಲನೆಯದನ್ನು ವಿದ್ಯಾರ್ಥಿಗೆ ಬೋಧಿಸಿ ಎರಡನೆಯದನ್ನು ಮರೆಯುವ ಅಧ್ಯಾಪಕರು, ಶಿಷ್ಯನ ಸಂಶೋಧನೆಗೆ ತಮ್ಮ ಹೆಸರನ್ನು ಮುಂದಿಟ್ಟುಕೊಳ್ಳುವವರು, ತ್ಯಾಗದ ಹೆಸರಿನಲ್ಲಿ ಕಳವು ಮಾಡುತ್ತಾರೆ.

ನಾಲ್ವರಿಗೂ ಸಮನಾದ ಅಂಕ ಕೊಡುವುದೇ ಸಮತೆಯಲ್ಲವೇ ಎಂದು ಅಧ್ಯಾಪಕ ಮಿತ್ರರು ಕೇಳಬಹುದು. ಪಂಕ್ತಿಯಲ್ಲಿ ಎಲ್ಲರಿಗೂ ಸಮನಾಗಿ ಬಡಿಸುವುದು ಸಮತೆ. ಕಾಯಕದಲ್ಲಿ ಎಲ್ಲರ ದುಡಿಮೆಯೂ ಒಂದೇ ಎಂದು ಸುಳ್ಳು ಬರೆಯುವುದು ಸಮತೆಯಲ್ಲ. ಕಾಲೇಜುಗಳಲ್ಲಿ ಅಧ್ಯಾಪಕರಾಗಿರುವ ಹಳೆಯ ವಿದ್ಯಾರ್ಥಿಗಳು ಒಂದು ಸಣ್ಣ ಏರ್ಪಾಡನ್ನು ಮಾಡಿ ನೋಡಲಿ ಎಂದು ನನ್ನ ಬಿನ್ನಹ. ವಿಷಯವನ್ನು ಕೊಟ್ಟ ಮೊದಲ ವಾರ ನಾಲ್ವರೂ ಒಬ್ಬರೊಡನೊಬ್ಬರು ಚರ್ಚಿಸದೆ, ತಮಗೆ ತೋಚಿದುದನ್ನು ಬೇರೆ ಬೇರೆಯಾಗಿ ಬರೆದು ತರಲಿ. ವರದಿಯ ಕೊನೆಗೆ ಒಬ್ಬೊಬ್ಬರಿಗೂ ಒಂದೊಂದು ಪುಟವಿರಲಿ. ತಾನು ಮಾಡಿದ ಭಾಗ ಯಾವುದು, ಜೊತೆಗಾರನಿಂದ ಪಡೆದ ಹೊಳಹು ಯಾವುದು, ತಂಡದ ಯಾವ ತೀರ್ಮಾನವನ್ನು ತಾನು ಒಪ್ಪಲಿಲ್ಲ, ಏಕೆ ಒಪ್ಪಲಿಲ್ಲ ಎಂಬುದನ್ನು ಅವನು ತನ್ನ ಕೈಯಿಂದಲೇ ಬರೆದು ಸಹಿ ಹಾಕಲಿ. ಪರೀಕ್ಷಕನಿಗೆ ಇದನ್ನು ಓದಲು ಕಾಲು ಗಂಟೆ ಸಾಕು. ಯಾರ ಪುಟವಾದರೂ ಖಾಲಿಯಾಗಿ ಬಂದರೆ ಬಯ್ಯುವುದು ಬೇಡ. ಅದನ್ನು ಖಾಲಿಯಾಗಿಯೇ ಬೈಂಡು ಮಾಡಿಸಿ ಗ್ರಂಥಾಲಯದಲ್ಲಿರಿಸಲಿ. ಮುಂದಿನ ವರ್ಷದ ಹುಡುಗರು ಅದನ್ನು ತೆಗೆದು ನೋಡುವರು.